ಹೊಕ್ಕುಳಿನಿಂದ ಮಂಡಿಯವರೆಗೆ

ನವೆಂಬರ್ ೧೧, ಸೋಮವಾರ

ಈ ಅಳತೆ ಪುಸ್ತಕದ ಮುಂದಿನ ಮುಕ್ಕಾಲು ಭಾಗದಲ್ಲಿ ನಂಜನಗೂಡಿನ ಅರ್ಧ ಊರಿನ ಎದೆ, ಸೊಂಟ, ತೋಳುಗಳಿವೆ. ಹಿಂದಿನ ಹಾಳೆಗಳು ಖಾಲಿ ಬಿದ್ದಿದ್ದವು. ಖಾಲಿ ಹಾಳೆ, ಖಾಲಿ ಮಷೀನು ಎರಡನ್ನೂ ನೋಡಿಕೊಂಡು ಕೂರುವ ಜಾಯಮಾನ ನನ್ನದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಇನ್ನೊಂದು ಕಾರಣವೂ ಉಂಟು. ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ಈ ಬಾಯಿ ಮನೆಗೆ ಬಂದ ಮೇಲೆ ಒಂದು ವಿಷಯ ಮಾತ್ರ ಎತ್ತುವುದಿಲ್ಲ. ಎತ್ತದ ಮಾತನ್ನು ಎಲ್ಲಾದರೂ ಇಡಬೇಕಲ್ಲ.

ವಿಷಯ ಇಷ್ಟು. ಜುಲೈಯಲ್ಲಿ ನಮ್ಮ ಯಜಮಾನರಿಗೆ ಹೊಟ್ಟೆ ಆಪರೇಷನ್ ಆಯಿತು. ಮೈಸೂರಿನ ಡಾಕ್ಟರು ಗಡ್ಡೆ ಕೂತಿದ್ದ ಒಂದು ಗೇಣು ಕರುಳು ತೆಗೆದು, ಉಳಿದದ್ದನ್ನು ಸೇರಿಸಿ ಹೊಲಿದು ಕಳಿಸಿದರು. ಸೆಪ್ಟೆಂಬರಿನಲ್ಲಿ ತೋರಿಸಿದಾಗ, "ತೂಕ ನಿಧಾನಕ್ಕೆ ಏರಬೇಕು. ಇಳೀತಾ ಹೋದರೆ ಕಾಯಬೇಡಿ, ಬಂದುಬಿಡಿ" ಎಂದರು. ಅವತ್ತಿನಿಂದ ಇವರು ತೂಕದ ಯಂತ್ರ ಕಂಡರೆ ರಸ್ತೆ ದಾಟುತ್ತಾರೆ. ಮೈಗೆ ಅಂಟದ ಜುಬ್ಬ, ಪಂಚೆ, ಮೇಲೊಂದು ಶಾಲು. ಒಳಗೆ ಎಷ್ಟು ಉಳಿದಿದ್ದಾರೋ ಅವರಿಗೇ ಗೊತ್ತು. ಊಟಕ್ಕೆ ಕೂತರೆ ನಾಲ್ಕು ತುತ್ತು, "ಸಾಕು, ಆಮೇಲ್ ನೋಡಣ" ಎಂದು ಏಳುತ್ತಾರೆ. ಆ ಆಮೇಲೆ ಇನ್ನೂ ಬಂದಿಲ್ಲ. ಕೇಳಿದರೆ ಸಿಟ್ಟು. ಹಾಗಾಗಿ ಕೇಳುವುದಿಲ್ಲ. ನಾನು ಅಂಗಡಿ ಬಾಗಿಲು ಹಾಕುವುದು ಎಂಟಕ್ಕೆ. ಇಪ್ಪತ್ತೆಂಟು ವರ್ಷದಿಂದ ಒಂದು ದಿನ ಏಳೂ ಮುಕ್ಕಾಲಿಗೆ ಹಾಕಿಲ್ಲ, ಈಗಲೂ ಇಲ್ಲ.

ಇವತ್ತು ಬೆಳಿಗ್ಗೆ ಇವರಾಗಿಯೇ ಅಂಗಡಿಗೆ ಬಂದರು. ಕೈಯಲ್ಲಿ ಫೋನು. "ರತ್ನ, ನಂಗೊಂದು ಕಿಲ್ಟ್ ಬೇಕು."

ನಿವೃತ್ತ ಬ್ಯಾಂಡ್ ಮೇಷ್ಟ್ರು ಪುಟ್ಟಬಸವಯ್ಯನವರಿಗೆ (ಬರೆಯುವಾಗ ಹೆಸರು ಬರೆಯಬಹುದು, ಬಾಯಲ್ಲಿ ಹೇಳುವುದಿಲ್ಲ) ಲಂಗ ಬೇಕಂತೆ.


ನವೆಂಬರ್ ೧೨, ಮಂಗಳವಾರ

ಲಂಗ ಎನ್ನಬಾರದಂತೆ, ಬ್ಯಾಂಡಿನ ಗಂಡಸರ ಉಡುಪಂತೆ. ನಿನ್ನೆಯೆಲ್ಲ ಅದೇ ಪಾಠ.

ಟಿ. ನರಸೀಪುರದಲ್ಲಿ ಮಲ್ಲಿಕಾರ್ಜುನ್ ಅಂತ ಇದ್ದಾರೆ, ನಮಗೆ ಮಲ್ಲಣ್ಣ, ಮಿಲಿಟರಿಯಲ್ಲಿ ಗಾಳಿ ಚೀಲದ ವಾದ್ಯ, ಬ್ಯಾಗ್‌ಪೈಪ್ ಊದಿ ಬಂದವರು. ಸಂಗಮದ ಮರಳಿನ ಮೇಲೆ ಭಾನುವಾರ ಭಾನುವಾರ ಐದು ಜನರನ್ನು ಕಟ್ಟಿಕೊಂಡು ಅಭ್ಯಾಸ ಮಾಡಿಸುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕ್ಲಾರಿನೆಟ್ ಹೇಳಿಕೊಟ್ಟ ನಮ್ಮವರು, ರಿಟೈರ್ ಆದಮೇಲೆ ಅಲ್ಲಿ ಹೋಗಿ ಕೊನೆಯ ಸಾಲಿನ ವಿದ್ಯಾರ್ಥಿಯಾದರು. ಜುಲೈಯಿಂದ ಪೈಪು ಪೆಟ್ಟಿಗೆಯಲ್ಲೇ ಇತ್ತು. ಈ ತಿಂಗಳಿಂದ ಮೆಲ್ಲಗೆ ಊದಬಹುದು ಅಂತ ಡಾಕ್ಟರು ಒಪ್ಪಿದ್ದಾರೆ. ಜನವರಿ ಇಪ್ಪತ್ತಾರಕ್ಕೆ ತಾಲ್ಲೂಕು ಮೈದಾನದಲ್ಲಿ ಆರು ಜನವೂ ಕಿಲ್ಟ್ ತೊಟ್ಟು ನಡೆಯಬೇಕಂತೆ. ಐದು ಜನರ ಹತ್ತಿರ ಇದೆ, ಇವರದ್ದೇ ಇಲ್ಲ.

ಎಂಟು ಗಜ ಉಣ್ಣೆ ಬಟ್ಟೆ, ಮುಂದೆ ಚಪ್ಪಟೆ, ಹಿಂದೆಲ್ಲ ನೆರಿಗೆ, ಪಕ್ಕದಲ್ಲಿ ಚರ್ಮದ ಪಟ್ಟಿ. ನೆರಿಗೆ ಹಿಡಿದರೂ ಚೌಕಳಿ ಒಂದಕ್ಕೊಂದು ಕೂಡಬೇಕು. "ನಾನೇ ಹೊಲೀತೀನಿ" ಎಂದೆ. ಇವರು ನಕ್ಕರು. ಜುಲೈಯಿಂದ ಈಚೆಗೆ ಮೊದಲ ಸಲ. "ನೀನು ಮಕ್ಕಳ ಯೂನಿಫಾರಂ ಹೊಲಿಯೋಳು. ಇದನ್ನ ಮೀರತ್ತಲ್ಲಿ ಬ್ಯಾಂಡ್ ಬಟ್ಟೆ ಹೊಲಿಯೋರೇ ಹೊಲೀಬೇಕು. ನೀನು ಅಳತೆ ತಗೊಂಡ್ ಕೊಡು ಸಾಕು."

ಬೇಜಾರಾಗಬೇಕಿತ್ತು. ನಕ್ಕದ್ದನ್ನೇ ನೋಡುತ್ತಿದ್ದೆ, ಆಗಲು ಮರೆಯಿತು.


ನವೆಂಬರ್ ೧೪, ಗುರುವಾರ

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಇವರ ಮೈಮೇಲೆ ನಾನು ಟೇಪು ಇಟ್ಟವಳಲ್ಲ. ನಮ್ಮ ಕಡೆ ಗಂಡಸರು ಟೈಲರಿಗೆ ಮೈ ಕೊಡುವುದಿಲ್ಲ, ಅಳತೆ ಬಟ್ಟೆ ಕೊಡುತ್ತಾರೆ. ಸರಿಯಾಗಿ ಕೂರುವ ಹಳೇ ಶರ್ಟೊಂದನ್ನು ಕಟ್ಟಿ ತಂದು, 'ಇದ್ರಂಗೆ' ಎಂದು ಹೇಳಿ ಹೋಗುತ್ತಾರೆ. ಇವರೂ ಹಾಗೇ. ಒಂದು ಬಿಳಿ ಶರ್ಟು, ಒಂದು ಜುಬ್ಬ, ಗೂಟದಲ್ಲಿ ಖಾಯಂ. ಆಪರೇಷನ್ ಆದಮೇಲೆ ಎರಡು ಹೊಸ ಜುಬ್ಬ ಹೊಲಿದೆ. ಅವನ್ನೂ ಹಳೇ ಜುಬ್ಬದ ಅಳತೆಗೇ ಹೊಲಿದೆ. ಹಾಕಿಕೊಂಡಾಗ ಭುಜ ಮೊಣಕೈ ಹತ್ತಿರ ಇತ್ತು. "ಸರಿ ಐತೆ" ಎಂದರು. "ಸರಿ ಐತೆ" ಎಂದೆ.

ಕಿಲ್ಟಿಗೆ ಅಳತೆ ಬಟ್ಟೆ ಎಲ್ಲಿಂದ ತರುವುದು? ಮೊದಲನೆಯದು. ಮೈಯನ್ನೇ ಕೊಡಬೇಕು.

ಮೀರತ್ತಿನವರು ಕಳಿಸಿದ ಫಾರಂ ಪ್ರಕಾರ ಸೊಂಟ ಎಂದರೆ ಪ್ಯಾಂಟು ಕೂರುವ ಜಾಗವಲ್ಲ, ಹೊಕ್ಕುಳಿನ ನೇರ. ಆಮೇಲೆ ಪೃಷ್ಠದ ಸುತ್ತಳತೆ. ಆಮೇಲೆ ಮಂಡಿಯೂರಿಸಿ, ಹೊಕ್ಕುಳಿನಿಂದ ಮಂಡಿಯ ಮಧ್ಯಕ್ಕೆ ಉದ್ದ. ತಮ್ಮ ಅಳತೆ ತಾವೇ ತೆಗೆದುಕೊಳ್ಳಬಾರದು, ಇನ್ನೊಬ್ಬರು ತೆಗೆಯಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ.

ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಗೆ ಕರೆದೆ. ಕಾಜ, ಗುಂಡಿ ಹಾಕುವ ಶಿವನಂಜಮ್ಮ, ನನಗಿಂತ ಎರಡು ವರ್ಷ ದೊಡ್ಡವಳು, ಬಾಯಿ ಇಪ್ಪತ್ತು ವರ್ಷ ದೊಡ್ಡದು, ಬಾಗಿಲ ಹತ್ತಿರವೇ ಕೂತಿದ್ದಳು.

"ಏನ್ ಮೇಷ್ಟ್ರೇ, ಲಂಗಕ್ಕೆ ಜರಿ ಅಂಚು ಆಕ್ಸದಾ, ಪ್ಲೇನಾ?"

"ಚೌಕಳಿ ಕಣಮ್ಮ."

"ಒಳ್ಗಡೆ ಏನಾಕಂತೀರಿ ಅಂತ ಕೇಳಣ ಅಂದ್ರೆ ನಂಗೇ ನಾಚ್ಕೆ ಆಯ್ತದೆ."

"ಕೇಳಿ ಆಯ್ತಲ್ಲ, ಇನ್ನು ನಾಚ್ಕೊ" ಎಂದು ನಾನು ಬಾಗಿಲು ಎಳೆದೆ.

ಜುಬ್ಬ ಎತ್ತಿ ಹಿಡಿದು ನಿಂತರು. ಹೊಲಿಗೆಯ ಗೆರೆ ಹೊಕ್ಕುಳನ್ನು ಬಳಸಿಕೊಂಡು ಹೋಗಿದೆ, ಊರ ಹೊರಗಿನ ಬೈಪಾಸ್ ರಸ್ತೆಯ ಹಾಗೆ. ಟೇಪು ಸುತ್ತಿದೆ. ಮೂವತ್ತಾರು! ಇಷ್ಟು ದಿನ ಸುಮ್ಮನೆ ಹೆದರಿದೆನಾ ಅನಿಸಿತು. "ಉದ್ದಕ್ಕೆ ಮಂಡಿಯೂರಿ" ಎಂದೆ, ಆಗಲ್ಲ ಎಂದು ಬರೀ ತಲೆಯಾಡಿಸಿದರು, ನಾನೇ ಮಂಡಿಯೂರಿ ಅಳೆದೆ. ಅಳೆದಷ್ಟು ಹೊತ್ತೂ ಒಂದು ಮಾತಿಲ್ಲ. ಮುಖ ಕೆಂಪೇರಿತ್ತು. ಹೆಂಡತಿಗೆ ಮೈ ಅಳೆಯಲು ಕೊಡುವುದಕ್ಕೂ ಈ ವಯಸ್ಸಲ್ಲಿ ನಾಚಿಕೆ! ಟೇಪು ತೆಗೆದ ತಕ್ಷಣ ಹೊರಗೆ ಹೋಗಿ ಜಗಲಿಯ ಮೇಲೆ ಕೂತು ಉಸಿರಾಡಿದರು.

ಫಾರಂನಲ್ಲಿ ಸೊಂಟ ಮೂವತ್ತೆಂಟು ಎಂದು ಬರೆದೆ. ಉದ್ದಕ್ಕೂ ಒಂದು ಇಂಚು ಸೇರಿಸಿದೆ. ಅದೇನು ಯೋಚನೆ ಮಾಡಿ ಬರೆದದ್ದಲ್ಲ, ಕೈ ಬರೆಯಿತು. ಬೆಳೆಯುವ ಮಕ್ಕಳಿಗೆ ಹೊಲಿದೂ ಹೊಲಿದೂ, ಯಾರ ಅಳತೆ ತೆಗೆದರೂ ಎರಡಿಂಚು ಲೂಸು ಬಿಡುವುದು ನನ್ನ ಕೈಯ ಗುಣ. ಫಾರಂನ ಜೊತೆ ಇವರ ಪೂರ್ತಿ ನಿಂತ ಫೋಟೋ ಒಂದನ್ನೂ ಕೇಳಿದ್ದರು. ತೆಗೆದು, ಎಲ್ಲ ಸೇರಿಸಿ ಮಲ್ಲಣ್ಣನ ವಾಟ್ಸಾಪಿಗೆ ಹಾಕಿದೆ. ಅಲ್ಲಿಂದ ಮೀರತ್ತಿಗೆ ಹೋಯಿತು.

ಮೂವತ್ತಾರು. ಎರಡು ಸಲ ಬರೆಯಬೇಕೆನಿಸಿತು, ಬರೆದೆ.


ನವೆಂಬರ್ ೧೯, ಮಂಗಳವಾರ

ನಲವತ್ತು ಯೂನಿಫಾರಂ ಪ್ಯಾಂಟಿನ ಆರ್ಡರು. ಬೇರೇನೂ ಇಲ್ಲ.


ನವೆಂಬರ್ ೨೪, ಭಾನುವಾರ

ಅಂಗಡಿ ಅರ್ಧ ದಿನ. ಊಟ ಮಾಡಿ ಇವರು ನಡುಮನೆಯ ಚಾಪೆಯಲ್ಲಿ ಮಲಗಿದ್ದರು. ಕಿಟಕಿಯಿಂದ ಬಿಸಿಲು ಬಂದು ಹೊಟ್ಟೆಯ ಮೇಲೆ ಕೂತಿತ್ತು. ನಾನು ಪಕ್ಕದಲ್ಲಿ ಕೂತು ಯಾವುದೋ ಶರ್ಟಿನ ಅಂಚು ಬಿಚ್ಚುತ್ತಿದ್ದವಳು, ಬಿಸಿಲು ಒಂದು ಹಳ್ಳದೊಳಗೆ ಇಳಿದ ಹಾಗೆ ಕಾಣುತ್ತಿದೆಯಲ್ಲ ಅಂದುಕೊಂಡೆ. ಜುಬ್ಬ ಇತ್ತು, ಅದರ ಕೆಳಗೆ ಇರಬೇಕಾದ್ದು ಇರಲಿಲ್ಲ.

ಟೇಪು ಅಂಗಡಿಯಲ್ಲಿತ್ತು. ಕೈಯಲ್ಲಿದ್ದ ದಾರವನ್ನೇ ಬೆನ್ನ ಕೆಳಗೆ ಮೆಲ್ಲಗೆ ತೂರಿಸಿದೆ. ಸೊಂಟಕ್ಕೂ ಚಾಪೆಗೂ ನಡುವೆ ಕೈ ಹೋಗುವಷ್ಟು ಜಾಗ. ಹೊಕ್ಕುಳ ಮೇಲೆ ತಂದು ಕೂಡಿಸಿದೆ, ಹಲ್ಲಿನಲ್ಲಿ ಕಚ್ಚಿ ಗುರುತು ಮಾಡಿದೆ. ಸಂಜೆ ಅಂಗಡಿಗೆ ಹೋಗಿ ಟೇಪಿನ ಪಕ್ಕ ಇಟ್ಟೆ.

ಮೂವತ್ತೆರಡೂವರೆ.

ದಾರ ಎಳೆದರೆ ಹಿಗ್ಗುತ್ತದೆ. ಮಲಗಿದಾಗ ಹೊಟ್ಟೆ ಒಳಗೆ ಹೋಗುತ್ತದೆ. ಹತ್ತಿಯ ದಾರ, ಅದರಲ್ಲೂ ಹಳೇ ರೀಲು. ನಂಬಬಾರದು.


ನವೆಂಬರ್ ೨೭, ಬುಧವಾರ

ದಾರ ಹಿಗ್ಗಿದ್ದರೆ ಅಳತೆ ಕಡಿಮೆ ತೋರಿಸುತ್ತದೆ, ಮೈ ಇನ್ನೂ ದಪ್ಪ ಇರುತ್ತದೆ ಎಂದು ಎರಡು ದಿನ ಸಮಾಧಾನ ಮಾಡಿಕೊಂಡಿದ್ದೆ. ಇವತ್ತು ಕಾಜ ಹೊಡೆಯುವಾಗ ಹೊಳೆಯಿತು: ಹಿಗ್ಗುವ ದಾರ ಮೂರೂವರೆ ಇಂಚು ತಿನ್ನುವುದಿಲ್ಲ.

ಹಾಗಾದರೆ ಹದಿನಾಲ್ಕನೇ ತಾರೀಖು ಮೂವತ್ತಾರು ಹೇಗೆ ಬಂತು? ಹತ್ತು ದಿನದಲ್ಲಿ ಯಾರೂ ಮೂರೂವರೆ ಇಂಚು ಇಳಿಯುವುದಿಲ್ಲ.

ಪೈಪು ಊದುವವರ ಉಸಿರು. ಅಷ್ಟು ಹೊತ್ತು ಮಾತಿಲ್ಲದೆ ನಿಂತದ್ದು. ಕೆಂಪು ಮುಖ.

ಉಸಿರು ತುಂಬಿ ಹೊಟ್ಟೆ ಉಬ್ಬಿಸಿ ಇವರು ನನಗೆ ಸುಳ್ಳು ಅಳತೆ ಕೊಟ್ಟರು, ಅದರ ಮೇಲೆ ನಾನು ಎರಡಿಂಚು ಸೇರಿಸಿದೆ. ಇಬ್ಬರೂ ಸೇರಿ ಐದೂವರೆ ಇಂಚು ದಪ್ಪಗಿನ ಇನ್ನೊಬ್ಬ ಗಂಡಸನ್ನು ಮೀರತ್ತಿಗೆ ಕಳಿಸಿದ್ದೇವೆ.

ಇದನ್ನು ಇವರಿಗೆ ಹೇಳಬೇಕು. ಹೇಳಿದರೆ ತಾನು ಉಸಿರು ಹಿಡಿದದ್ದು ನನಗೆ ಗೊತ್ತಾಯಿತು ಎಂದು ಇವರಿಗೆ ಗೊತ್ತಾಗುತ್ತದೆ. ಆಮೇಲೆ ಡಾಕ್ಟರ ಮಾತು ಬರುತ್ತದೆ. ನಾಳೆ ಹೇಳೋಣ.


ಡಿಸೆಂಬರ್ ೩, ಮಂಗಳವಾರ

ಹೇಳಿಲ್ಲ.

ಮಧ್ಯಾಹ್ನ ಮಷೀನಿನ ಮೇಲೇ ತಲೆಯಿಟ್ಟು ಜೋಂಪು ಹತ್ತಿತು. ಕನಸಿನಲ್ಲಿ ಕಪಿಲೆಯ ನೀರನ್ನು ನೆರಿಗೆ ಹಿಡಿಯುತ್ತಿದ್ದೆ. ಹಸಿರು ನೀರು, ಉಣ್ಣೆಯ ಹಾಗೆ ಭಾರ. ಒಂದೊಂದು ನೆರಿಗೆಗೂ ಸೂಜಿ ಚುಚ್ಚಿ ನಿಲ್ಲಿಸುತ್ತಿದ್ದೆ, ನೀರು ನಿಲ್ಲುತ್ತಿತ್ತು. ಆ ದಡದಲ್ಲಿ ಇವರು ಪಂಚೆ ಎತ್ತಿ ಕಟ್ಟಿ ನಿಂತು, "ಇನ್ನೂ ಎಷ್ಟು ಗಜ ಐತೆ?" ಎಂದು ಕೂಗುತ್ತಿದ್ದರು. ಎಷ್ಟು ಹಿಡಿದರೂ ಅವರಿರುವ ಕಡೆಯ ಬಟ್ಟೆ ಮುಗಿಯಲಿಲ್ಲ.

ಎಚ್ಚರವಾದಾಗ ಶಿವನಂಜಮ್ಮ ನನ್ನ ಕೈಯಿಂದ ಸೂಜಿ ತೆಗೆಯುತ್ತಿದ್ದಳು.

"ರತ್ನವ್ವ, ನಾನ್ ಒಂದ್ ಮಾತ್ ಕೇಳ್ತೀನಿ, ಬೈಬ್ಯಾಡ. ಮೇಷ್ಟ್ರು ಸೊರಗ್ತಾವ್ರೆ ಕಣವ್ವ. ಬೀದಿನಾಗೆ ಎಲ್ರೂ ನೋಡ್ತಾವ್ರೆ. ನಿನ್ ಕಣ್ಗೆ ಕಾಣಾಕಿಲ್ವಾ?"

"ಮೂವತ್ತಾರು ಬಂತು ಕಣೇ, ಟೇಪಿಟ್ಟು ನೋಡಿದ್ದೀನಿ."

"ಟೇಪು ನಿಂದೇ ಅಲ್ವಾ" ಎಂದಳು. ಗುಂಡಿ ಹಾಕಲು ಹೋದಳು.


ಡಿಸೆಂಬರ್ ೭, ಶನಿವಾರ

ಮಲ್ಲಣ್ಣನ ಮೆಸೇಜು: 'ಸೋಮವಾರ ಬಟ್ಟೆ ಕತ್ತರಿಸುತ್ತಾರೆ. ಅಳತೆ ಓಕೆ ತಾನೇ?' ಇವರ ಫೋನಿಗೆ ಬಂದದ್ದು. ಇವರು ಹೆಬ್ಬೆರಳಿನ ಚಿತ್ರ ಕಳಿಸಿದ್ದಾರೆ.

ಒಂದು ಸಲ ಕತ್ತರಿಸಿ ನೆರಿಗೆ ಹಿಡಿದರೆ ಆಯಿತು. ಚೌಕಳಿ ಕೂಡಿಸಿ ಹೊಲಿದ ನೆರಿಗೆಯನ್ನು ಐದಾರು ಇಂಚು ಕಿರಿದು ಮಾಡಲು ಆಗುವುದಿಲ್ಲ, ಮೊದಲಿಂದ ಬಿಚ್ಚಬೇಕು. ಇಪ್ಪತ್ತಾರಕ್ಕೆ ಸಿಗುವುದಿಲ್ಲ. ಐದು ಜನರ ಜೊತೆ ಇವರು ಪ್ಯಾಂಟಿನಲ್ಲಿ ನಡೆಯಬೇಕು, ಇಲ್ಲ ಎರಡೂ ಕೈಯಲ್ಲಿ ಕಿಲ್ಟ್ ಹಿಡಿದುಕೊಂಡು. ಪೈಪಿಗೆ ಕೈಯೆಲ್ಲಿ?

ಬಟ್ಟೆಯ ಚಿಂತೆಯನ್ನೇ ಇಷ್ಟುದ್ದ ಬರೆದಿದ್ದೇನೆ. ಬಟ್ಟೆಯದ್ದು ಬರೆಯುವುದು ಸುಲಭ.


ಡಿಸೆಂಬರ್ ೮, ಭಾನುವಾರ

ನಾನೂ ಬರುತ್ತೇನೆ ಎಂದೆ. "ಅಂಗಡಿ?" ಎಂದರು. "ಶಿವನಂಜಿ ನೋಡ್ಕೋತಾಳೆ" ಎಂದೆ. ಬೆಳಗಿನ ಬಸ್ಸಿಗೆ ಇಬ್ಬರೂ ನರಸೀಪುರಕ್ಕೆ ಹೋದೆವು. ಇವರ ತೊಡೆಯ ಮೇಲೆ ಪೈಪಿನ ಪೆಟ್ಟಿಗೆ, ಅದರ ಮೇಲೆ ಇವರ ಎರಡು ಕೈ. ಮಣಿಕಟ್ಟಿನ ಮೂಳೆಯನ್ನು ದಾರಿಯುದ್ದಕ್ಕೂ ನೋಡಿದೆ.

ಸಂಗಮದಲ್ಲಿ ಇಬ್ಬನಿ. ಎರಡು ನದಿ ಎಲ್ಲಿ ಕೂಡುತ್ತವೆ ಎನ್ನುವುದೇ ಕಾಣದಷ್ಟು ಬಿಳುಪು. ಆ ಬಿಳುಪಿನೊಳಗೆ ಆರು ಜನ ಹೋಗಿ ನಿಂತರು, ಮರಳಿನ ಮೇಲೆ ನಡೆದ ಹೆಜ್ಜೆಯಷ್ಟೇ ಉಳಿಯಿತು. ಸ್ವಲ್ಪ ಹೊತ್ತಿಗೆ ಪೈಪಿನ ಶ್ರುತಿ ಎದ್ದಿತು. ಎಲ್ಲಿಂದಲೋ ಅಲ್ಲ, ಕೆಳಗಿನಿಂದ, ನೀರಿನ ಅಡಿಯಲ್ಲಿ ಯಾರೋ ಮಷೀನು ತುಳಿಯುತ್ತಿರುವ ಹಾಗೆ. ನಾನು ಕಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಲೆಕ್ಕ ಇಟ್ಟಿಲ್ಲ.

ನಡುವೆ ಮಲ್ಲಣ್ಣ ಟೀ ಲೋಟ ಹಿಡಿದು ಬಂದರು. ಉಳಿದವರು ಅಲ್ಲೇ ಊದುತ್ತಿದ್ದರು.

"ಮಲ್ಲಣ್ಣ, ಮೀರತ್ಗೆ ಒಂದ್ ಫೋನ್ ಮಾಡ್ಕೊಡು. ಅಳತೆ ತಪ್ಪೋಗದೆ."

"ಯಾರ್ದು ತಪ್ಪು? ನಿಮ್ದಾ ಅಕ್ಕ?" ಅವರಿಗೆ ನಂಬಿಕೆಯೇ ಬರಲಿಲ್ಲ. ಫೋನು ಹಚ್ಚಿದರು. ಮೀರತ್ತಿನ ಮಾಸ್ಟರ್ ಹಿಂದಿಯಲ್ಲಿ ಏನೋ ಹೇಳಿ ಗೊಳ್ಳೆಂದು ನಕ್ಕರು.

"ಏನಂತೆ?"

"ನಂಗೂ ಡೌಟಿತ್ತು ಅಂತಾವ್ರೆ. ಫೋಟೋದಲ್ಲಿ ಒಬ್ರವ್ರೆ, ಅಳತೆಲಿ ಅವ್ರಣ್ಣ ಅವ್ರೆ ಅಂತೆ. ಟೈಲರ್ ಮನೆಯಿಂದ ಅಳತೆ ಬಂದ್ರೆ ಹಿಂಗೇ ಅಂತೆ, ಸುಮ್ನಿರಾಕಾಗದೆ ಏನಾರ ಸೇರ್ಸ್ಬುಡ್ತಾರಂತೆ. ನೀವೆಷ್ಟು ಸೇರ್ಸಿದ್ರಿ?"

"ಎರಡು."

"ಹಂಗಾರೆ ಮೂವತ್ತಾರು ಅನ್ಲಾ?"

ಇಪ್ಪತ್ತೆಂಟು ವರ್ಷ ಬೀದಿಗೆಲ್ಲ ಕೇಳುವ ಹಾಗೆ ಅಳತೆ ಕೂಗಿದವಳು ನಾನು. ಮೆಲ್ಲಗೆ, ಅವರ ಕಿವಿಯ ಹತ್ತಿರ ಹೋಗಿ, "ಮೂವತ್ತೆರಡೂವರೆ" ಎಂದೆ.

ಮಿಲಿಟರಿ ಗಂಟಲು. "ಸಾಡೇ ಬತ್ತೀಸ್! ಹಾಂ ಜೀ, ಸಾಡೇ ಬತ್ತೀಸ್!"

ಇಬ್ಬನಿಯೊಳಗೆ ಒಂದು ಪೈಪು ನಿಂತಿತು. ಚೀಲದ ಗಾಳಿ ಪೂರ್ತಿ ಹೋಗುವ ತನಕ ಅದು ನರಳುತ್ತಲೇ ಇತ್ತು. ಆಮೇಲೆ ಇವರು ಹೊರಗೆ ಬಂದರು. ಮೊದಲು ಕಾಲು, ಆಮೇಲೆ ಜುಬ್ಬ, ಆಮೇಲೆ ಮುಖ. ಬೈಯುತ್ತಾರೆ ಅಂದುಕೊಂಡೆ.

"ಮೂವತ್ತೆರಡು" ಎಂದರು. "ಅರ್ಧ ಯಾಕೆ ಸೇರಿಸ್ತೀಯಾ ರತ್ನ?"

ಮಲ್ಲಣ್ಣ ಫೋನನ್ನು ಎದೆಗೆ ಒತ್ತಿ ಹಿಡಿದು ನಮ್ಮಿಬ್ಬರನ್ನೂ ನೋಡಿದರು.

"ನಿಮಗೆ ಹೆಂಗೊತ್ತು?" ಎಂದೆ.

"ನಿನ್ನ ಟೇಪೊಂದು ನನ್ನ ಪೆಟ್ಟಿಗೇಲಿದೆ. ದಿನಾ ಬೆಳಿಗ್ಗೆ ನೋಡ್ಕೋತೀನಿ."

ಸೊಂಟ, ಪೃಷ್ಠ, ಉದ್ದ ಎಲ್ಲ ಅದೇ ಟೇಪಿನಲ್ಲಿ ಅಲ್ಲೇ ಮರಳಿನ ಮೇಲೆ ಮತ್ತೆ ಅಳೆದೆ. ಎಲ್ಲರೆದುರಿಗೇ. ಉಸಿರು ಬಿಟ್ಟು ನಿಂತಿದ್ದರು. ಮಂಡಿಯೂರುತ್ತೇನೆ ಎಂದರು, ಮಲ್ಲಣ್ಣ ಒಂದು ತೋಳು, ನಾನು ಒಂದು ತೋಳು ಹಿಡಿದೆವು. ನಾನು ಹೇಳಿದೆ, ಮಲ್ಲಣ್ಣ ಕೂಗಿದರು, ಮೀರತ್ತು ಬರೆದುಕೊಂಡಿತು. ಯಾರೂ ಏನೂ ಸೇರಿಸಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೇಳಿದರು: "ಅವತ್ತು ದಾರ ಹಾಕಿದ್ಯಲ್ಲ, ನಂಗೆ ಎಚ್ಚರ ಇತ್ತು."

"ಮತ್ತೆ? ಉಸಿರು ತುಂಬ್ಕೋಬೇಕಿತ್ತು."

"ಮನಸ್ಸಾಗಲಿಲ್ಲ" ಎಂದರು. ಪೈಪಿನ ಪೆಟ್ಟಿಗೆಯನ್ನು ನನ್ನ ತೊಡೆಗೆ ಸರಿಸಿ, "ನಾಳೆ ಮೈಸೂರಿಗೆ ಹೋಗಣ."


ಡಿಸೆಂಬರ್ ೯, ಸೋಮವಾರ

ತೂಕದ ಯಂತ್ರದ ಮೇಲೆ ನಿಂತರು. ನಾನು ಮುಳ್ಳು ನೋಡಲಿಲ್ಲ, ಇವರನ್ನು ನೋಡುತ್ತಿದ್ದೆ. ಡಾಕ್ಟರು ಇನ್ನೂ ಮೊದಲೇ ಬರಬೇಕಿತ್ತು ಎಂದು ಇಬ್ಬರನ್ನೂ ಬೈದರು. ಸಮ ಪಾಲು.

ಗುರುವಾರ ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡುತ್ತಾರಂತೆ. ಹಳೇ ಕಾಯಿಲೆ ಮತ್ತೆ ಬಂದಿದೆಯೋ, ಬೇರೆ ಏನಾದರೂ ಆಗಿದೆಯೋ, ಆಗಲೇ ತಿಳಿಯುವುದು.


ಡಿಸೆಂಬರ್ ೧೨, ಗುರುವಾರ

ಆಸ್ಪತ್ರೆಯ ಕಾರಿಡಾರು. ಬೆಳಿಗ್ಗೆ ಒಂಬತ್ತರಿಂದ ಕೂತಿದ್ದೇನೆ. ಎದುರಿನ ಬೆಂಚಿನಲ್ಲಿ ಕೂತವರ ಕಾಲರನ್ನು ಯಾರು ಹೊಲಿದರೋ, ವಕ್ರ ಇದೆ. ನೋಡುತ್ತಾ ನೋಡುತ್ತಾ ಆ ಕಾಲರು ತೇಲಿಕೊಂಡು ಹತ್ತಿರ ಬಂದ ಹಾಗಾಗುತ್ತದೆ. ಗೋಡೆಗಳೂ ಉಸಿರಾಡುತ್ತಿರುವ ಹಾಗೆ. ಅಷ್ಟು ಹೊತ್ತು ಒಂದೇ ಕಡೆ ಕೈ ಕಟ್ಟಿ ಕೂತು ನನಗೆ ಅಭ್ಯಾಸವಿಲ್ಲ.

ಮಧ್ಯಾಹ್ನ. ಕರೆದರು. ಹಳೆಯದಲ್ಲ. ಹಳೆಯದಲ್ಲ. ಕರುಳು ಸೇರಿಸಿ ಹೊಲಿದ ಜಾಗ ಗಾಯ ಮಾಯುವಾಗ ಬಿಗಿದುಕೊಂಡಿದೆಯಂತೆ. ಯಾರ ತಪ್ಪೂ ಅಲ್ಲ, ಕೆಲವರ ಮೈ ಹಾಗೆ. ತಿಂದದ್ದು ಮುಂದೆ ಹೋಗದೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಬಿಚ್ಚದೆ, ಒಳಗಿನಿಂದಲೇ ಬಲೂನು ಹಾಕಿ ಸಡಿಲ ಮಾಡುತ್ತಾರೆ. ಒಂದೇ ಸಲಕ್ಕೆ ಆಗದಿದ್ದರೆ ಎರಡು, ಮೂರು ಸಲ.

"ಬಿಚ್ಚದೆ ಹೆಂಗ್ ಸಾರ್ ಲೂಸ್ ಆಯ್ತದೆ?" ಎಂದು ಕೇಳಿಯೇ ಬಿಟ್ಟೆ.

"ನೀವು ಟೈಲರಾ?" ಎಂದರು ಡಾಕ್ಟರು. ಚಿತ್ರ ಬರೆದು ತೋರಿಸಿದರು. ಒಪ್ಪಿಕೊಂಡೆ.


ಡಿಸೆಂಬರ್ ೨೦, ಶುಕ್ರವಾರ

ನಿನ್ನೆ ಮೊದಲನೇ ಬಲೂನು. ಇವತ್ತು ಬೆಳಿಗ್ಗೆ ಎರಡು ಇಡ್ಲಿ. ಮೂರನೆಯದನ್ನು ಮುರಿದು ನೋಡಿ, ನನ್ನನ್ನು ನೋಡಿ, ತಿಂದರು.


ಜನವರಿ ೩, ಶುಕ್ರವಾರ

ಎರಡನೇ ಸಲ ಆಯಿತು. ಇವರಿಗೆ ಹುರುಳಿಕಾಳಿನ ಬಸ್ಸಾರು ಬೇಕಂತೆ. ಈಗಲೇ ಬೇಡ ಎಂದಿದ್ದಾರೆ ಡಾಕ್ಟರು. "ಹಂಗಾರೆ ವಾಸ್ನೆನಾದ್ರೂ ತೋರ್ಸು" ಎಂದು ಅಡಿಗೆಮನೆ ಬಾಗಿಲಲ್ಲಿ ನಿಂತರು. ಬೇಯುವ ತನಕ ಇಬ್ಬರೂ ಅಲ್ಲೇ ನಿಂತೆವು. ಹಬೆಯಲ್ಲಿ ಇವರ ಕನ್ನಡಕ ಮಂಜಾಯಿತು, ಒರೆಸಿಕೊಳ್ಳಲಿಲ್ಲ.

ಅಂಗಡಿಗೆ ಹೋದಾಗ ಹನ್ನೊಂದಾಗಿತ್ತು. ಶಿವನಂಜಮ್ಮ ಗಡಿಯಾರ ತೋರಿಸಿದಳು. "ಯಾವ ಗಿರಾಕಿನೂ ಸತ್ತೋಗಿಲ್ಲ, ನಿಧಾನಕ್ ಬಾ" ಎಂದಳು.


ಜನವರಿ ೧೮, ಶನಿವಾರ

ಮೀರತ್ತಿನಿಂದ ಪಾರ್ಸೆಲ್ ಬಂತು. ಶಿವನಂಜಮ್ಮ ಕತ್ತರಿ ಹಿಡಿದು ನನಗಿಂತ ಮುಂಚೆ ಬಿಚ್ಚಿದಳು. ಬಾಟಲಿ ಹಸಿರು, ನೀಲಿ, ನಡುವೆ ತೆಳ್ಳಗೆ ಅರಿಶಿನದ ಗೆರೆ. ಹಿಂದಿನ ನೆರಿಗೆಗಳನ್ನು ಬೆರಳಿನಿಂದ ಬಿಡಿಸಿ ಒಳಗೆ ನೋಡಿದೆ. ಒಂದೇ ಒಂದು ಚೌಕಳಿ ಆಚೆ ಈಚೆ ಆಗಿಲ್ಲ. ನನಗೆ ಬರುವುದಿಲ್ಲ ಈ ಕೆಲಸ. ಇಷ್ಟು ವರ್ಷದಲ್ಲಿ ಹೀಗೆ ಒಪ್ಪಿಕೊಂಡದ್ದು ಇದೇ ಮೊದಲು.

ಇವರು ಹಿಂದಿನ ಕೋಣೆಯಲ್ಲಿ ತೊಟ್ಟುಕೊಂಡು ಬಂದರು. ಪಟ್ಟಿಗೆ ಮೂರು ತೂತು. ಮೂವತ್ತೆರಡು ಎಂದು ಬರೆದದ್ದಕ್ಕೆ ಒಳಗಿನ ತೂತಿಗೆ ಬೀಳಬೇಕಿತ್ತು. ನಡುವಿನದಕ್ಕೆ ಬಿತ್ತು. ಆರು ವಾರದಲ್ಲಿ ಸೊಂಟ ಅಷ್ಟು ತುಂಬಿಕೊಂಡಿದೆ. ಅಂಚು ಮಂಡಿಯ ನಡುವಿಗೆ ಸರಿಯಾಗಿ ನಿಂತಿತ್ತು.

"ಕಾಲ್ ನೋಡು, ಕೊಕ್ರೆ ಕಾಲು" ಎಂದಳು ಶಿವನಂಜಮ್ಮ.

"ಉದ್ದ ಸಾಕ್ಸ್ ಬತ್ತದೆ ಕಣಮ್ಮ, ಮುಚ್ಕೋತದೆ."

"ಮುಚ್ಬೇಡಿ ಮೇಷ್ಟ್ರೇ, ಜನ ನೋಡ್ಲಿ."

ಇವರು ಒಂದು ಸುತ್ತು ತಿರುಗಿದರು. ನೆರಿಗೆ ಅರಳಿ ಮತ್ತೆ ಕೂತಿತು. ಇನ್ನೊಂದು ಸುತ್ತು ತಿರುಗಿ ಎಂದು ಹೇಳಬೇಕೆಂದುಕೊಂಡೆ, ಹೇಳುವುದಕ್ಕೆ ಮುಂಚೆಯೇ ತಿರುಗಿದರು.


ಜನವರಿ ೨೬, ಭಾನುವಾರ

ನರಸೀಪುರ. ತಾಲ್ಲೂಕು ಮೈದಾನ. ಹಗ್ಗದ ಈಚೆ ಹೆಂಗಸರ ಗುಂಪಿನಲ್ಲಿ ನಿಂತಿದ್ದೆ. ಬನ್ನೂರಿನ ಕಡೆಯ ಒಬ್ಬಳು, ಕಂಕುಳಲ್ಲಿ ಮಗು, ನನ್ನ ಪಕ್ಕ. ಶಾಲೆ ಮಕ್ಕಳು ಹೋದರು, ಹೋಂ ಗಾರ್ಡು ಹೋದರು. ಆಮೇಲೆ ಆ ಶ್ರುತಿ ಕೇಳಿತು. ಮಗು ಅಳುವುದು ನಿಲ್ಲಿಸಿತು.

ಆರು ಜನ ನಮ್ಮ ಮುಂದೆ ಬಂದಾಗ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು, ಮಕ್ಕಳ ಕಾಲಿನ ಧೂಳು ಇನ್ನೂ ಇಳಿದಿರಲಿಲ್ಲ. ಕೈ ಅಡ್ಡ ಹಿಡಿದು ನೋಡುವಷ್ಟರಲ್ಲಿ ದಾಟಿ ಮುಂದೆ ಹೋಗಿದ್ದರು. ಹಿಂದಿನಿಂದ ನೋಡಿದೆ. ಆರು ಬೆನ್ನು, ಆರು ಟೊಪ್ಪಿ, ಆರು ಕಿಲ್ಟಿನ ಅಂಚು ಒಂದೇ ನೇರದಲ್ಲಿ ಎಡಕ್ಕೆ, ಬಲಕ್ಕೆ. ಜುಲೈಯಿಂದ ಈಚೆಗೆ ಇವರನ್ನು ನಾನು ಒಂದು ಫರ್ಲಾಂಗ್ ದೂರದಿಂದಲೇ ಗುರುತು ಹಿಡಿಯುತ್ತಿದ್ದೆ, ಭುಜದಿಂದ ಜೋತುಬಿದ್ದ ಜುಬ್ಬ ನೋಡಿ. ಈಗ ಎಡಗಡೆಯವರಿಂದ ಒಬ್ಬೊಬ್ಬರನ್ನೇ ನೋಡುತ್ತಾ ಬಂದೆ. ಬಲಗಡೆಯಿಂದ ಮತ್ತೆ ನೋಡಿದೆ. ಧೂಳಿನಲ್ಲಿ ಆರೂ ಜನ ಅಲುಗುತ್ತಾ ಅಲುಗುತ್ತಾ ದೂರವಾಗುತ್ತಿದ್ದರು.

"ನಿಮ್ಮೋರೂ ಅವ್ರೇನಕ್ಕ ಅದ್ರಲ್ಲಿ?" ಬನ್ನೂರಿನವಳು ಕೇಳಿದಳು.

"ಅವ್ರೆ."

"ಯಾರು?"

"ಗೊತ್ತಾಯ್ತಿಲ್ಲ ಕಣವ್ವ" ಎಂದೆ. ನಗು ತಡೆಯಲಾಗಲಿಲ್ಲ. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ನನ್ನಿಂದ ಒಂದು ಹೆಜ್ಜೆ ಆಚೆ ನಿಂತಳು.